ವಿಜ್ಞಾನ ಸಂಘದ ಸದಸ್ಯತ್ವ: ವಿದ್ಯಾರ್ಥಿಗೆ ಬೇಕೆ?

ಪದವಿ ತರಗತಿಗಳು ಆರಂಭವಾಗಿ ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ವಿಜ್ಞಾನ ವಿದ್ಯಾರ್ಥಿಗಳ ಮನೆಗಳಿಗೆ ಒಂದು ಅರ್ಜಿ ಬಂದು ತಲುಪುವುದುಂಟು. ಯಾವುದೋ ಭೌತವಿಜ್ಞಾನ ಸಂಘ, ಗಣಿತ ಸಂಘ ಅಥವಾ ಸಸ್ಯವಿಜ್ಞಾನ ಸಂಘ. ವಿದ್ಯಾರ್ಥಿ ಸದಸ್ಯತ್ವಕ್ಕೆ ಇಷ್ಟು, ಆಜೀವ ಸದಸ್ಯತ್ವಕ್ಕೆ ಇಷ್ಟು ಎಂದು ದರ ನಮೂದಿಸಿದ ಕಾಗದ. ಮಗಳು ಅದನ್ನು ಜಗಲಿಯಲ್ಲಿ ಕುಳಿತ ತಂದೆಯ ಮುಂದಿಡುತ್ತಾಳೆ. ತಂದೆಗೆ ‘ಸೊಸೈಟಿ’ ಎಂಬ ಮಾತು ಹೊಸದಲ್ಲ. ಊರಿನ ಸಹಕಾರಿ ಬ್ಯಾಂಕಿನಲ್ಲಿ ಅವರಿಗೆ ಪಾಲು ಇದೆ, ಕ್ಯಾಂಪ್ಕೋದಲ್ಲಿ ಸದಸ್ಯತ್ವ ಇದೆ. ಅಲ್ಲಿ ಪಾಲು ಕೊಂಡವನಿಗೆ ಸಾಲ ಸಿಗುತ್ತದೆ, ಇಲ್ಲಿ ಅಡಿಕೆಗೆ ಬೆಲೆ ಸಿಗುತ್ತದೆ. ಈ ಹೊಸ ಸೊಸೈಟಿಯಿಂದ ಸಿಗುವುದೇನು ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮಗಳಲ್ಲಿ ಅದಕ್ಕೆ ಉತ್ತರವಿಲ್ಲ. ಕಾಲೇಜಿನಲ್ಲಿ ಹೇಳಿದ್ದಾರೆ ಎಂಬುದಷ್ಟೇ ಅವಳಿಗೆ ಗೊತ್ತು.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಎಳೆಯೂ ಸೇರಿಕೊಳ್ಳುತ್ತದೆ. ಪಟ್ಟಣದ ಆಂಗ್ಲ ಮಾಧ್ಯಮದ ಮಕ್ಕಳು ಸೇರುತ್ತಿದ್ದಾರೆ, ಸೇರದಿದ್ದರೆ ಹಿಂದೆ ಬೀಳಬಹುದು ಎಂಬ ಅಂಜಿಕೆ ಒಂದು ಕಡೆ. ಸೇರಿದರೂ ಅಲ್ಲಿಯ ಇಂಗ್ಲಿಷಿನ ನಡುವೆ ಬಾಯಿ ಬಿಡಲಾಗದು ಎಂಬ ಸಂಕೋಚ ಇನ್ನೊಂದು ಕಡೆ. ಹಣ ಕೊಟ್ಟೋ ಕೊಡದೆಯೋ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ಸಂಘವೆಂದರೆ ಏನು, ಅದು ಯಾರಿಗಾಗಿ ಹುಟ್ಟಿತು ಎಂಬ ವಿಚಾರ ಯಾರ ಬಾಯಿಂದಲೂ ಬರುವುದಿಲ್ಲ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಬೇಕು. ವಿಜ್ಞಾನದ ಅಕಾಡೆಮಿಗಳು ಬೇರೆ, ವೃತ್ತಿಪರ ಸಂಘಗಳು ಬೇರೆ. ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ಗೆ ಹಣ ಕಟ್ಟಿ ಸೇರಲು ಬರುವುದಿಲ್ಲ. ಅಲ್ಲಿಯ ಫೆಲೊಗಳನ್ನು ಅವರ ಸಂಶೋಧನೆಯನ್ನು ನೋಡಿ ಆಯ್ಕೆ ಮಾಡಲಾಗುತ್ತದೆ. ವೃತ್ತಿಪರ ಸಂಘಗಳಾದರೋ ಆಯಾ ವಿಷಯದಲ್ಲಿ ಕೆಲಸ ಮಾಡುವ ಎಲ್ಲರಿಗೂ ತೆರೆದಿರುತ್ತವೆ; ಅವುಗಳಲ್ಲಿ ಹಲವು ಕಡಿಮೆ ಶುಲ್ಕದಲ್ಲಿ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತವೆ. ಹೆಸರು ಕೇಳಿದಾಗ ಎರಡೂ ಒಂದೇ ತೂಕದವು ಎನಿಸಬಹುದು. ಹಣ ಕಟ್ಟಿ ಪಡೆದ ಸದಸ್ಯತ್ವವನ್ನು ಮದುವೆಯ ಕರೆಯೋಲೆಯಲ್ಲಿ ಬಿರುದಿನಂತೆ ಅಚ್ಚು ಹಾಕಿಸುವವರು ಈ ವ್ಯತ್ಯಾಸವನ್ನು ಮರೆತವರು.

ಸಂಘವೊಂದು ವಿದ್ಯಾರ್ಥಿಗೆ ಏನು ಮಾಡಬಲ್ಲುದು ಎಂಬುದಕ್ಕೆ ಈ ದೇಶದಲ್ಲಿ ದೊರೆಯುವ ಅತ್ಯುತ್ತಮ ನಿದರ್ಶನ ಶ್ರೀನಿವಾಸ ರಾಮಾನುಜನ್ ಅವರದು. ಅವರ ಕಥೆಯನ್ನು ಹಾರ್ಡಿಯವರಿಗೆ ಬರೆದ ಪತ್ರದಿಂದ ಆರಂಭಿಸುವುದು ರೂಢಿ. ಆದರೆ ಆ ಪತ್ರ ಹೊರಟದ್ದು 1913ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಎರಡು ವರ್ಷಗಳು ಒಂದು ಸಣ್ಣ ಸಂಘದ ಕಥೆ.

ವಿ. ರಾಮಸ್ವಾಮಿ ಅಯ್ಯರ್ ಎಂಬ ಗಣಿತಪ್ರಿಯರು 1907ರಲ್ಲಿ ‘ಅನಾಲಿಟಿಕ್ ಕ್ಲಬ್’ ಎಂಬ ಹೆಸರಿನಿಂದ ಒಂದು ಕೂಟವನ್ನು ಕಟ್ಟಿದರು. ಅದೇ ಮುಂದೆ ಭಾರತೀಯ ಗಣಿತ ಸಂಘವಾಯಿತು. ಅವರೇನೂ ಗಣಿತದ ಪ್ರಾಧ್ಯಾಪಕ ಹುದ್ದೆಯಲ್ಲಿದ್ದವರಲ್ಲ, ಸರಕಾರದ ಡೆಪ್ಯುಟಿ ಕಲೆಕ್ಟರ್. ಊರೂರುಗಳಲ್ಲಿ ಚದುರಿಹೋಗಿದ್ದ ಗಣಿತಾಸಕ್ತರಿಗೆ ಹೊರದೇಶದ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಒಬ್ಬೊಬ್ಬರೇ ಕೊಳ್ಳುವ ಶಕ್ತಿಯಿರಲಿಲ್ಲ. ಎಲ್ಲರೂ ಹಣ ಕೂಡಿಸಿ ತರಿಸಿ, ಅಂಚೆಯ ಮೂಲಕ ಒಬ್ಬರಿಂದ ಒಬ್ಬರಿಗೆ ಕಳುಹಿಸಿಕೊಂಡು ಓದುವುದು ಮೊದಲ ಉದ್ದೇಶವಾಗಿತ್ತು. ಸಂಘದ ಪುಸ್ತಕ ಭಂಡಾರ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿತ್ತು. ಸ್ವಲ್ಪ ಕಾಲದಲ್ಲೇ ಸಂಘಕ್ಕೆ ತನ್ನದೇ ಆದ ಪತ್ರಿಕೆಯೂ ಬಂತು.

1910ರಲ್ಲಿ ರಾಮಾನುಜನ್ ತಿರುಕ್ಕೋಯಿಲೂರಿಗೆ ಹೋಗಿ ಈ ಡೆಪ್ಯುಟಿ ಕಲೆಕ್ಟರರನ್ನು ಕಂಡರು. ಆಗ ಅವರಿಗೆ ವಯಸ್ಸು ಇಪ್ಪತ್ತಮೂರರ ಆಸುಪಾಸು. ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಕಾಲೇಜು ಬಿಟ್ಟಿದ್ದರು, ಮದುವೆಯಾಗಿತ್ತು, ಸಂಪಾದನೆ ಇರಲಿಲ್ಲ. ಅವರು ಕೇಳಿದ್ದು ಗುಮಾಸ್ತೆಯ ಕೆಲಸ; ಕೈಯಲ್ಲಿದ್ದುದು ಗಣಿತದ ಟಿಪ್ಪಣಿ ಪುಸ್ತಕ. ಪುಸ್ತಕವನ್ನು ತಿರುವಿ ನೋಡಿದ ಅಯ್ಯರ್, ಇಂಥವನನ್ನು ಕಂದಾಯ ಇಲಾಖೆಯ ಮೂಲೆಯಲ್ಲಿ ಕೂರಿಸಲು ತಮಗೆ ಮನಸ್ಸಿಲ್ಲವೆಂದು ಕೆಲಸ ಕೊಡಲಿಲ್ಲ. ಅದರ ಬದಲು ಮದ್ರಾಸಿನ ಗಣಿತಜ್ಞರಿಗೆ ಪರಿಚಯದ ಪತ್ರ ಕೊಟ್ಟು ಕಳುಹಿಸಿದರು. ಕೆಲಸ ಕೇಳಲು ಬಂದ ಬಡ ಯುವಕನಿಗೆ ಆ ಕ್ಷಣದಲ್ಲಿ ಅದು ಎಷ್ಟು ರುಚಿಸಿತೋ ಹೇಳುವುದು ಕಷ್ಟ. ಆದರೆ ಆ ದಾರಿ ಅವರನ್ನು ನೆಲ್ಲೂರಿನ ಕಲೆಕ್ಟರರೂ ಸಂಘದ ಕಾರ್ಯದರ್ಶಿಗಳೂ ಆಗಿದ್ದ ಆರ್. ರಾಮಚಂದ್ರ ರಾಯರ ಬಳಿಗೆ ಒಯ್ದಿತು. ರಾಯರು ಕೆಲವು ಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟು ರಾಮಾನುಜನ್ ಅವರನ್ನು ಪೋಷಿಸಿದರು. 1912ರಲ್ಲಿ ಮದ್ರಾಸ್ ಬಂದರು ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಕೆಲಸ ದೊರೆತಾಗ, ಅಲ್ಲಿ ಅವರ ಮೇಲಧಿಕಾರಿಯಾಗಿದ್ದ ಎಸ್. ನಾರಾಯಣ ಅಯ್ಯರ್ ಅದೇ ಗಣಿತ ಸಂಘದ ಖಜಾಂಚಿ. ಸಂಘ ಎಂದರೆ ಇದು: ಒಬ್ಬರು ಇನ್ನೊಬ್ಬರನ್ನು ಬಲ್ಲರು, ಆ ಇನ್ನೊಬ್ಬರು ಮೂರನೆಯವರನ್ನು ಬಲ್ಲರು, ಎಲ್ಲರಿಗೂ ಒಂದೇ ವಿಷಯದಲ್ಲಿ ಪ್ರೀತಿ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಉಪಕಾರದ ಕಥೆ ಎನ್ನಬಹುದಿತ್ತು. ಸಂಘದ ಪತ್ರಿಕೆ ಮಾಡಿದ ಕೆಲಸ ಅದಕ್ಕಿಂತ ದೊಡ್ಡದು. 1911ರಲ್ಲಿ ರಾಮಾನುಜನ್ ಅದರಲ್ಲಿ ಓದುಗರಿಗೆ ಪ್ರಶ್ನೆಗಳನ್ನು ಒಡ್ಡತೊಡಗಿದರು. 289ನೆಯ ಪ್ರಶ್ನೆ ಎಂದು ಪ್ರಸಿದ್ಧವಾಗಿರುವುದು √(1+2√(1+3√(1+…))) ಎಂಬುದರ ಬೆಲೆ ಎಷ್ಟು ಎಂಬುದು. ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯೇ ಇಲ್ಲ. ಉತ್ತರ 3. ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಮೂರು ನಾಲ್ಕು ಹಂತಗಳವರೆಗೆ ಲೆಕ್ಕ ಮಾಡಿ, ಅದು ಮೂರರ ಕಡೆಗೆ ಏರುತ್ತಾ ಹೋಗುವುದನ್ನು ಕಾಣಬಹುದು. ಅದೇ ವರ್ಷ ಅವರ ಮೊದಲ ದೀರ್ಘ ಲೇಖನವೂ ಪ್ರಕಟವಾಯಿತು; ಬೆರ್ನೂಲಿ ಸಂಖ್ಯೆಗಳ ಕೆಲವು ಗುಣಗಳನ್ನು ಕುರಿತದ್ದು ಅದು.

ಆ ಲೇಖನ ಅಚ್ಚಾದ ಬಗೆ ಕನ್ನಡದ ಓದುಗರಿಗೆ ವಿಶೇಷವಾಗಿ ತಿಳಿದಿರಬೇಕು. ಪತ್ರಿಕೆಯ ಸಂಪಾದಕರಾಗಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ. ಟಿ. ನಾರಣಯ್ಯಂಗಾರ್. ರಾಮಾನುಜನ್ ಕಳುಹಿಸಿದ ಹಸ್ತಪ್ರತಿ ಅವರಿಗೆ ಸುಲಭವಾಗಿ ಅರ್ಥವಾಗಲಿಲ್ಲ. ವಿಧಾನ ಹೊಸದು, ಬರವಣಿಗೆ ಅತಿ ಬಿಗಿ, ನಿರೂಪಣೆಯಲ್ಲಿ ಸ್ಪಷ್ಟತೆ ಸಾಲದು. ಸಾಮಾನ್ಯ ಓದುಗ ಹಿಂಬಾಲಿಸಲಾರ ಎಂಬುದು ಅವರ ಆಕ್ಷೇಪವಾಗಿತ್ತು. ಹಸ್ತಪ್ರತಿ ಬೆಂಗಳೂರಿಗೂ ಮದ್ರಾಸಿಗೂ ನಡುವೆ ಒಂದಕ್ಕಿಂತ ಹೆಚ್ಚು ಬಾರಿ ಓಡಾಡಿತು. ತಮಗೆ ಅರ್ಥವಾಗದ್ದನ್ನು ಕಸದ ಬುಟ್ಟಿಗೆ ಹಾಕುವುದು ಸಂಪಾದಕರಿಗೆ ಸುಲಭವಾಗಿತ್ತು. ತಿದ್ದದೆ ಹಾಗೆಯೇ ಅಚ್ಚು ಹಾಕುವುದು ಇನ್ನೂ ಸುಲಭ. ಅವರು ಎರಡನ್ನೂ ಮಾಡಲಿಲ್ಲ. ಇಂದಿನ ವಿದ್ಯಾರ್ಥಿಗೆ ಅಂಕ ಹಾಕುವವರು ಬೇಕಾದಷ್ಟು ಮಂದಿ ಇದ್ದಾರೆ. ಬರೆದದ್ದನ್ನು ಪೂರ್ತಿ ಓದಿ, ಇದು ತಿಳಿಯುತ್ತಿಲ್ಲ, ತಿದ್ದಿ ಕಳುಹಿಸು ಎನ್ನುವವರು ಎಷ್ಟು ಮಂದಿ ಇದ್ದಾರೆ?

ಇದೇ ಕಾಲದ ಮುಂಬಯಿಯಲ್ಲಿ ಇದಕ್ಕೆ ಹೋಲುವ ಇನ್ನೊಂದು ಪ್ರಸಂಗ ನಡೆಯಿತು. ಹತ್ತು ಹನ್ನೆರಡು ವಯಸ್ಸಿನ ಸಲೀಂ ಅಲಿ ಎಂಬ ಹುಡುಗ ತನ್ನ ಏರ್‌ಗನ್ನಿನಿಂದ ಹೊಡೆದ ಗುಬ್ಬಚ್ಚಿಯೊಂದರ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಕಂಡು ಅಚ್ಚರಿಪಟ್ಟ. ಅದು ಯಾವ ಹಕ್ಕಿ ಎಂದು ಮನೆಯವರಿಗೆ ತಿಳಿಯಲಿಲ್ಲ. ಮಾವ ಅಮೀರುದ್ದೀನ್ ತ್ಯಾಬ್ಜಿಯವರು 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರು. ಅವರು ಕೊಟ್ಟ ಪತ್ರ ಹಿಡಿದು ಹುಡುಗ ಸೊಸೈಟಿಯ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರ ಬಳಿಗೆ ಹೋದ. ಇಂಗ್ಲಿಷ್ ಸಾಹೇಬನ ಎದುರು ನಿಲ್ಲುವ ಭಯದಿಂದ ಎದೆ ನಡುಗುತ್ತಿದ್ದುದನ್ನು ಸಲೀಂ ಅಲಿ ತಮ್ಮ ಆತ್ಮಕಥೆಯಲ್ಲಿ ಮರೆಮಾಚಿಲ್ಲ. ಸಾಹೇಬರು ಹಕ್ಕಿಯನ್ನು ಗುರುತಿಸಿ ಹೇಳಿದರು, ಕಪಾಟುಗಳನ್ನು ತೆರೆದು ಸಂಗ್ರಹದ ಹಕ್ಕಿಗಳನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಕಾಪಿಡುವ ವಿದ್ಯೆಯನ್ನು ಕಲಿಯಲೂ ಏರ್ಪಾಟು ಮಾಡಿದರು. ಭಾರತದ ಹಕ್ಕಿಗಳ ಅಧ್ಯಯನದಲ್ಲಿ ಮುಂದೆ ನಡೆದದ್ದನ್ನು ಇಲ್ಲಿ ಹೇಳಬೇಕಾಗಿಲ್ಲ.

ಇಲ್ಲಿ ಒಬ್ಬ ತಂದೆ ಎತ್ತಬಹುದಾದ ಆಕ್ಷೇಪ ಒಂದಿದೆ, ಅದು ಬಲವಾದದ್ದೇ. ಸಲೀಂ ಅಲಿಯವರಿಗೆ ಸದಸ್ಯರಾದ ಮಾವ ಇದ್ದರು. ರಾಮಾನುಜನ್ ಬಡವರಾದರೂ, ಕಲಿತವರೂ ಅಧಿಕಾರದಲ್ಲಿದ್ದವರೂ ತಮ್ಮವನೆಂದು ಒಳಗೆ ಕರೆದು ಕೂರಿಸುವ ಸಮಾಜದಲ್ಲಿ ಹುಟ್ಟಿದವರು. ಬದಿಯಡ್ಕದ ಆಚೆಯ ಬೀಡಿ ಕಟ್ಟುವ ಮನೆಯ ಹುಡುಗಿಗೆ ಅಂಥ ಮಾವ ಎಲ್ಲಿಂದ ಬರಬೇಕು? ಈ ಮಾತು ನಿಜ. ನಿಜವಾದ್ದರಿಂದಲೇ ಸಂಘದ ಬೆಲೆ ಅವಳಿಗೆ ಹೆಚ್ಚು. ಪ್ರಾಧ್ಯಾಪಕರ ಮಗನಿಗೆ ಸದಸ್ಯತ್ವವಿಲ್ಲದೆಯೂ ನಡೆಯುತ್ತದೆ. ಊಟದ ಮನೆಯಲ್ಲೇ ಅವನಿಗೆ ಹತ್ತು ವಿಜ್ಞಾನಿಗಳ ಹೆಸರು ಕೇಳಿಸಿರುತ್ತದೆ, ಯಾರಿಗೆ ಹೇಗೆ ಪತ್ರ ಬರೆಯಬೇಕೆಂಬುದು ಗೊತ್ತಿರುತ್ತದೆ. ಬಂಧುಗಳಲ್ಲಿ ಒಬ್ಬ ವಿಜ್ಞಾನಿಯೂ ಇಲ್ಲದ ಮನೆಯ ಮಗುವಿಗೆ ಸಂಘದ ಅರ್ಜಿಯೇ ಮಾವನ ಪರಿಚಯ ಪತ್ರದ ಸ್ಥಾನದಲ್ಲಿ ನಿಲ್ಲಬಲ್ಲುದು. ಹೆಸರು, ಕಾಲೇಜು, ವಿಷಯ ಇಷ್ಟನ್ನು ಬರೆದರೆ ಸಾಕು. ಯಾರ ಮಗಳು ಎಂದು ಅಲ್ಲಿ ಕೇಳುವವರಿಲ್ಲ.

ಆದರೆ ಆ ಇಬ್ಬರೂ ಬರಿಗೈಯಲ್ಲಿ ಹೋದವರಲ್ಲ ಎಂಬುದನ್ನೂ ಗಮನಿಸಬೇಕು. ಒಬ್ಬರ ಕೈಯಲ್ಲಿ ಟಿಪ್ಪಣಿ ಪುಸ್ತಕ ಇತ್ತು, ಇನ್ನೊಬ್ಬನ ಕೈಯಲ್ಲಿ ಹಕ್ಕಿ ಇತ್ತು. ಇಂದು ಗುಂಪುಗುಂಪಾಗಿ ಸೇರುವ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಕೇಳಲು ಪ್ರಶ್ನೆಯೂ ಇಲ್ಲ, ತೋರಿಸಲು ವಸ್ತುವೂ ಇಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಡೀ ತರಗತಿಯೇ ಸಂಘವೊಂದರ ವಿದ್ಯಾರ್ಥಿ ಶಾಖೆಗೆ ಸೇರುವುದು ಸಾಮಾನ್ಯ. ಅದರ ಫಲ ಎಷ್ಟೋ ಕಡೆ ಒಂದು ಅಂಗಿ, ಒಂದು ಪ್ರಮಾಣಪತ್ರ, ಸಮಿತಿಯಲ್ಲಿ ಒಂದು ಹುದ್ದೆ. ಸಭೆ ನಡೆಸಲು ಕಲಿಯುವುದು ಒಳ್ಳೆಯದೇ, ಅದಕ್ಕೆ ಊರಿನ ಯುವಕ ಸಂಘವೂ ಸಾಕಾಗುತ್ತದೆ.

ಹಾಗಾದರೆ ಹಣ ಕೊಟ್ಟವನಿಗೆ ನಿಜವಾಗಿ ದೊರೆಯುವುದೇನು? ಒಂದು ಕಾಲದಲ್ಲಿ ಮುಖ್ಯವಾಗಿದ್ದುದು ಪತ್ರಿಕೆ. ಆ ಕಾರಣ ಈಗ ಬಹುಮಟ್ಟಿಗೆ ಕರಗಿಹೋಗಿದೆ. 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’, ಕಾಲೇಜು ವಿದ್ಯಾರ್ಥಿಗಳಿಗೆಂದೇ 1996ರಲ್ಲಿ ಆರಂಭವಾದ ‘ರೆಸೊನೆನ್ಸ್’ ಮುಂತಾದವುಗಳ ಹಳೆಯ ಸಂಚಿಕೆಗಳನ್ನು ಮೊಬೈಲಿನಲ್ಲೇ ಬಿಟ್ಟಿಯಾಗಿ ಓದಬಹುದು. ಶಾಲೆಯ ಮಕ್ಕಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಇದೆ. ಭೌತಶಾಸ್ತ್ರ ಅಧ್ಯಾಪಕರ ಸಂಘ ಒಲಿಂಪಿಯಾಡಿನ ಮೊದಲ ಹಂತಕ್ಕೆ ನಡೆಸುತ್ತ ಬಂದಿರುವ ಪರೀಕ್ಷೆಗೆ ಕೂರಲು ಆ ಸಂಘದ ಸದಸ್ಯರಾಗಬೇಕಿಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಗೆಯ ಸಂಶೋಧನಾ ಫೆಲೊಶಿಪ್ಪಿಗೂ ಸದಸ್ಯತ್ವ ಬೇಡ. ಅದಕ್ಕೆ ಆಯ್ಕೆಯಾದ ವಿದ್ಯಾರ್ಥಿ ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾನೆ. ಯಾವ ಸಂಘದ ಅರ್ಜಿಗೂ ಮೊದಲು ಮನೆಯವರು ವಿಚಾರಿಸಬೇಕಾದದ್ದು ಇದನ್ನು.

ಉಳಿಯುವುದು ಸಮ್ಮೇಳನ. ಸದಸ್ಯರಾದ ವಿದ್ಯಾರ್ಥಿಗೆ ಪ್ರವೇಶ ಶುಲ್ಕದಲ್ಲಿ ರಿಯಾಯಿತಿ, ಕೆಲವು ಕಡೆ ಪ್ರಯಾಣಕ್ಕೆ ನೆರವು, ತನ್ನ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಲ್ಲುವ ಅವಕಾಶ. ಪುಸ್ತಕದ ಮುಖಪುಟದಲ್ಲಿ ಮಾತ್ರ ಹೆಸರು ಕಂಡಿದ್ದವರು ಬಂದು, ಇದನ್ನು ಹೇಗೆ ಅಳೆದೆ ಎಂದು ಕೇಳುವ ಅನುಭವ ಬೇರೆಲ್ಲೂ ಸಿಗದು. ಉದ್ಯೋಗ ಸಿಗುವುದಿಲ್ಲ, ಅಂಕ ಹೆಚ್ಚುವುದಿಲ್ಲ. ಹಾಗೆಂದು ಭರವಸೆ ಕೊಡುವ ಸಂಘವಿದ್ದರೆ ಅದರಿಂದ ದೂರವಿರುವುದು ಲೇಸು. ಹಣ ಕಳುಹಿಸಿದ ಮರುದಿನವೇ ‘ಯುವ ವಿಜ್ಞಾನಿ’ ಪ್ರಶಸ್ತಿ ಕೊಡುವ ಸಂಸ್ಥೆಗಳೂ ಇವೆ. ಸಂಘ ಕಾನೂನಿನ ಪ್ರಕಾರ ನೋಂದಣಿಯಾಗಿದೆಯೆ, ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸುತ್ತದೆಯೆ, ಪದಾಧಿಕಾರಿಗಳು ಚುನಾವಣೆಯಿಂದ ಬಂದವರೆ, ಪತ್ರಿಕೆ ತಪ್ಪದೆ ಹೊರಡುತ್ತಿದೆಯೆ ಎಂದು ನೋಡುವುದು ಸಹಕಾರಿ ಬ್ಯಾಂಕಿನ ಸದಸ್ಯರಾದ ತಂದೆಗೆ ಕಷ್ಟದ ಕೆಲಸವಲ್ಲ. ಈ ವಿಷಯದಲ್ಲಿ ಅವರೇ ಮಗಳಿಗಿಂತ ಹೆಚ್ಚು ಬಲ್ಲವರು.

ಆಜೀವ ಸದಸ್ಯತ್ವ ಹದಿನೆಂಟರ ವಯಸ್ಸಿಗೆ ಬೇಡ. ಲೆಕ್ಕ ಹಾಕಿದರೆ ಅದು ಅಗ್ಗವೆಂದು ತೋರುವುದು ನಿಜ. ಆದರೆ ಸಸ್ಯವಿಜ್ಞಾನ ಓದಲು ಹೋದವಳು ಮೂರು ವರ್ಷದಲ್ಲಿ ಸಂಖ್ಯಾಶಾಸ್ತ್ರದತ್ತ ತಿರುಗಬಹುದು, ಅಧ್ಯಾಪಕಿಯಾಗಬಹುದು, ಬ್ಯಾಂಕಿಗೂ ಹೋಗಬಹುದು. ಒಂದು ವರ್ಷದ ವಿದ್ಯಾರ್ಥಿ ಸದಸ್ಯತ್ವ ಸಾಕು; ಅದೂ ಪದವಿಯ ಕೊನೆಯ ವರ್ಷದಲ್ಲೋ ಎಂ.ಎಸ್ಸಿ.ಯ ಮೊದಲ ವರ್ಷದಲ್ಲೋ, ಸ್ವಂತದ್ದಾದ ಒಂದು ಸಣ್ಣ ಕೆಲಸ ಕೈಯಲ್ಲಿರುವಾಗ. ಅಲ್ಲಿಯವರೆಗೆ ಕಾಲೇಜಿನ ಗ್ರಂಥಾಲಯ ಇದೆ.

ಕಾಸರಗೋಡಿನ ಮಕ್ಕಳಿಗೆ ಇಂಥ ಸಂಘವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಈ ಊರು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1916ರಲ್ಲಿ, ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಮಂಗಳೂರಿನ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಗಳು ಅದರ ಗೇಟನ್ನು ಹೆದ್ದಾರಿಯ ಬದಿಯಲ್ಲಿ ದಿನವೂ ನೋಡುತ್ತಾರೆ. ಇಂಡಿಯನ್ ಸೊಸೈಟಿ ಫಾರ್ ಪ್ಲಾಂಟೇಶನ್ ಕ್ರಾಪ್ಸ್ ಎಂಬ ವೃತ್ತಿಪರ ಸಂಘದ ಕೇಂದ್ರ ಕಚೇರಿ ಇರುವುದು ಆ ಗೇಟಿನ ಒಳಗೆ. ಅದರ ಪತ್ರಿಕೆ 1973ರಿಂದ ಬರುತ್ತಿದೆ. ತೆಂಗು, ಅಡಿಕೆ, ಕೊಕ್ಕೋ, ಗೇರು, ಕಾಫಿ, ಕಾಳುಮೆಣಸು ಇವು ಅದರ ವಿಷಯ, ಅಂದರೆ ಈ ಜಿಲ್ಲೆಯ ಮನೆ ಮನೆಯ ವಿಷಯ. ನಳ್ಳಿ ಏಕೆ ಉದುರುತ್ತದೆ, ಔಷಧಿ ಬಿಟ್ಟ ಎಷ್ಟನೆಯ ದಿನಕ್ಕೆ ಮಳೆ ಬಂದರೆ ಅದು ವ್ಯರ್ಥ ಎಂಬ ಚರ್ಚೆಯನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದ ವಿದ್ಯಾರ್ಥಿನಿ, ತೋಟವನ್ನು ನೋಡಿಯೇ ಇರದ ನಗರದ ಸಹಪಾಠಿಗಿಂತ ಇಲ್ಲಿ ಹಲವು ಹೆಜ್ಜೆ ಮುಂದಿದ್ದಾಳೆ.

ಇನ್ನು ಭಾಷೆಯ ಸಂಕೋಚ. ಸಂಘಗಳ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ. ಆದರೆ ವಿಜ್ಞಾನದ ಭಾಷೆಗೆ ತೋಟದ ಕನ್ನಡ ಹೋಗಿ ಸೇರಿದ್ದೂ ಉಂಟು. ಕಾಫಿ ಗಿಡಕ್ಕೆ ಬರುವ ಕೊಳೆರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ವಿಜ್ಞಾನಿ 1876ರಲ್ಲಿ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟರು. 1958ರಲ್ಲಿ ಡಾಂಕ್ ಎಂಬುವರು ಅದನ್ನೇ ಕುಲದ ಹೆಸರಾಗಿಸಿ ‘ಕೊಳೆರೋಗ ನೋಕ್ಸಿಯ’ ಎಂದು ಮಾಡಿದರು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿ ಬೇರೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಅದನ್ನು ವಿವರಿಸಿದಾಗ ರೋಗವನ್ನು ಕರೆದದ್ದು ಅದೇ ಕನ್ನಡದ ಹೆಸರಿನಿಂದ. ಮುಂಗಾರಿಗೆ ಮೊದಲು ಮೈಲುತುತ್ತು, ಸುಣ್ಣ ಕದಡಿ ಗೊನೆಗಳಿಗೆ ಬಿಡುವ ಬೋರ್ಡೋ ದ್ರಾವಣ ಅಡಿಕೆ ತೋಟಗಳಿಗೆ ಬಂದ ಕಥೆಯಲ್ಲೂ ಅವರ ಹೆಸರಿದೆ. ತೋಟದವರು ಹೇಳಿದ ಮಾತನ್ನು ಆ ವಿಜ್ಞಾನಿಗಳು ಕಿವಿಗೊಟ್ಟು ಕೇಳಿ ಬರೆದುಕೊಂಡಿರಬೇಕು. ಇಲ್ಲದಿದ್ದರೆ ಆ ಪದ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ.

ಆದುದರಿಂದ ಅರ್ಜಿಗೆ ಹಣ ತುಂಬುವ ಮೊದಲು ಮಗಳು ಮಾಡಬಹುದಾದ ಒಂದು ಕೆಲಸವಿದೆ. ಒಂದು ಮಳೆಗಾಲವಿಡೀ ಮನೆಯ ತೋಟದ ಐವತ್ತು ಅಡಿಕೆ ಮರಗಳಿಗೆ ಸಂಖ್ಯೆ ಬರೆದು, ವಾರಕ್ಕೊಮ್ಮೆ ಪ್ರತಿಯೊಂದರ ಬುಡದಲ್ಲಿ ಬಿದ್ದ ಕಾಯಿಗಳನ್ನು ಎಣಿಸಿ, ದ್ರಾವಣ ಬಿಟ್ಟ ದಿನವನ್ನೂ ಮಳೆ ಬಂದ ದಿನಗಳನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿ. ಸೆಪ್ಟೆಂಬರಿನಲ್ಲಿ ಅದನ್ನು ಒಂದು ಪುಟಕ್ಕೆ ಇಳಿಸಿ, ಕೊನೆಯಲ್ಲಿ ತನಗೆ ತಿಳಿಯದ ಒಂದು ಪ್ರಶ್ನೆಯನ್ನು ಬರೆದು, ಇಂಗ್ಲಿಷನ್ನು ಅಧ್ಯಾಪಕರಿಂದ ತಿದ್ದಿಸಿ, ಸಂಘದ ಕಾರ್ಯದರ್ಶಿಗಳಿಗೆ ಕಳುಹಿಸಲಿ. ಉತ್ತರ ಬಂದರೆ ಆ ಸಂಘಕ್ಕೆ ಒಂದು ವರ್ಷದ ಶುಲ್ಕ ಕೊಡಲು ತಂದೆ ಹಿಂದೆಮುಂದೆ ನೋಡಬೇಕಾಗಿಲ್ಲ. ಬಾರದಿದ್ದರೆ ತಿಂಗಳು ಬಿಟ್ಟು ಇನ್ನೊಮ್ಮೆ ಬರೆಯಬಹುದು. 289ನೆಯ ಪ್ರಶ್ನೆಗೆ ಪತ್ರಿಕೆಯ ಮೂರು ಸಂಚಿಕೆಗಳು ಕಳೆದರೂ ಯಾವ ಓದುಗನಿಂದಲೂ ಉತ್ತರ ಬರಲಿಲ್ಲ. ಕೊನೆಗೆ ರಾಮಾನುಜನ್ ತಾವೇ ಬರೆದು ಕಳುಹಿಸಿದರು.